ಮಾದಾಪುರದ ಎರಡನೇ ಗೇಟಿನ ಪೆಟ್ಟಿಗೆಯವರ ಸನ್ನಿಧಿಗೆ

ಇಂದ: ಶಾಂತಕುಮಾರ ಶಾಂತಪ್ಪ, ಬಿ.ಇ., ನಾಚಾರಂ, ಹೈದರಾಬಾದು.
ಇವರಿಗೆ: ಶ್ರೀಮಾನ್ ತಗಡಿನ ಪೆಟ್ಟಿಗೆಯವರು, ಎರಡನೇ ಗೇಟು, ಝಂಝಾಸಾಫ್ಟ್ ಕಂಪನಿ, ಮಾದಾಪುರ.
ವಿಷಯ: ಹದಿನಾಲ್ಕು ತಿಂಗಳಲ್ಲಿ ನನ್ನ ಮೂವತ್ತೊಂದು ಅರ್ಜಿ ನುಂಗಿ ಒಂದು ತೇಗನ್ನೂ ಬಿಡದಿರುವ ಬಗ್ಗೆ.

ಮಾನ್ಯರೇ,

ತಮ್ಮ ಹಸಿರು ಬಣ್ಣ ಮಾಸದಿರಲಿ, ತಮ್ಮ ಕೀಲಿಗೆ ತುಕ್ಕು ತಾಗದಿರಲಿ, ತಮ್ಮ ನೆತ್ತಿಯ ಮೇಲೆ ಕೂರುವ ಪಾರಿವಾಳಗಳು ಇನ್ನುಮುಂದಾದರೂ ಸ್ವಲ್ಪ ಸಂಯಮದಿಂದ ನಡೆದುಕೊಳ್ಳಲಿ ಎಂದು ಹಾರೈಸಿ, ಎಲ್ಲಕ್ಕೂ ಮೊದಲು ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಕಳೆದ ಮಂಗಳವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ, ತಮ್ಮ ಅಪ್ಪಣೆಯಿಲ್ಲದೆ, ತಮ್ಮ ಬಾಯೊಳಗೆ ಮೊಣಕೈವರೆಗೆ ಕೈ ಹಾಕಿದವನು ನಾನೇ. ನನ್ನ ಮನೆತನದಲ್ಲಿ ಇದುವರೆಗೆ ಯಾರೂ ಯಾರ ಬಾಯಿಗೂ ಕೈ ಹಾಕಿದ್ದಿಲ್ಲ. ನಮ್ಮ ಅಜ್ಜನವರು ಹಲ್ಲಿನ ಡಾಕ್ಟರರನ್ನು ಕೂಡ ಈ ಕಾರಣಕ್ಕಾಗಿಯೇ ದೂರ ಇಟ್ಟಿದ್ದರು. ಆದರೂ ಕೈ ಹಾಕಿದೆ. ಕೈ ಹೋಯಿತು, ವಾಪಸು ಬರಲಿಲ್ಲ. ಪೆಟ್ಟಿಗೆಗೆ ಕೈ ಕೊಟ್ಟವನಿಗೆ ಪೆಟ್ಟಿಗೇನು ಕಡಿಮೆ ಎಂದು ಆಗಲೇ ಅರಿವಾಯಿತು.

ನನ್ನ ಹಿಂದೆ ಬಯೋಡೇಟಾ ಹಿಡಿದು ನಿಂತಿದ್ದ ನಲವತ್ತು ಮಂದಿಯ ಸಾಲಿನಿಂದ ಒಬ್ಬ ಮಹಾಶಯ, ಒಳಗೇನು ಇಂಟರ್‌ವ್ಯೂ ನಡೆದಿದೆಯೇ ಎಂದು ತೆಲುಗಿನಲ್ಲಿ ವಿಚಾರಿಸಿದ. ಇನ್ನೊಬ್ಬ, ನಡೆದಿದ್ದರೆ ಏನೇನು ಕೇಳಿದರು ಹೇಳಿ ಎಂದು ನೋಟ್‌ಬುಕ್ಕನ್ನೇ ತೆರೆದ. ಗೇಟಿನ ಸೆಕ್ಯುರಿಟಿ ಮಾಣಿಕಪ್ಪನವರು, ಇವರು ಹುಮನಾಬಾದ ಕಡೆಯವರು, ಚಹಾದಂಗಡಿಯಿಂದ ಒಂದು ಚಮಚ ಡಾಲ್ಡಾ ತಂದು ನನ್ನ ಕೈಗೆ ಸವರುತ್ತ, "ಅವಸರ ಮಾಡಬ್ಯಾಡ್ರಿ ಸಾಹೇಬ್ರ, ಈ ಕಂಪನಿ ಯಾರನ್ನೂ ಒಳಗ ತಗೊಳ್ಳಂಗಿಲ್ಲ, ನಿಮ್ಮ ಕೈಯಿನೂ ತಾನಾಗೇ ಹೊರಗ ಹಾಕತೈತಿ" ಎಂದು ಸಮಾಧಾನ ಹೇಳಿದರು. ಹಾಗೆಯೇ ಆಯಿತು.

ಇಂಥ ಸಾಹಸಕ್ಕೆ ಒಬ್ಬ ಪದವೀಧರ ಇಳಿಯಬೇಕಾದರೆ ಕಾರಣ ದೊಡ್ಡದಿರಬೇಕಲ್ಲವೇ? ಇದೆ. ನಮ್ಮ ತಂದೆ ಶಾಂತಪ್ಪನವರು ನಾಚಾರಂ ಎಸ್ಟೇಟಿನ ನಟ್ಟು-ಬೋಲ್ಟಿನ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರು. ದಸರೆಯೊಳಗೆ ನನಗೆ ಮಾದಾಪುರದಲ್ಲಿ ಕೆಲಸ ಸಿಗದಿದ್ದರೆ, ದಸರೆಯ ಮಾರನೇ ದಿನದಿಂದ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ, ಅವರ ಕಣ್ಣೆದುರಿಗೇ, ನಾನು ಬೋಲ್ಟಿಗೆ ನಟ್ಟು ಜೋಡಿಸಿ ಡಬ್ಬಿ ತುಂಬಬೇಕೆಂದು ಅವರೂ ಅವರ ಮಾಲೀಕರೂ ಸೇರಿ ತೀರ್ಮಾನಿಸಿದ್ದಾರೆ. "ಮೆರಿಟ್ಟು ಮೆರಿಟ್ಟು ಅಂತ ಹದಿನಾಕು ತಿಂಗಳು ಕುಂತಿ. ನಮ್ಮ ಬೋಲ್ಟಿಗೆ ಮೆರಿಟ್ ಬೇಕಾಗಿಲ್ಲಪಾ, ನಟ್ ಸಿಕ್ರ ಸಾಕು" ಎಂಬುದು ಅವರ ವಾದ. ದೇಶದ ಸಾಫ್ಟ್‌ವೇರೆಲ್ಲ ನಮ್ಮೂರಿಗೆ ಬಂದು ಇಳಿಯುತ್ತಿರುವ ಈ ಎರಡು ಸಾವಿರದ ಆರನೇ ಇಸವಿಯಲ್ಲಿ, ಸ್ವಂತ ಮಗನನ್ನು ಹಾರ್ಡ್‌ವೇರಿಗೆ ದೂಡುವ ತಂದೆ ಇಡೀ ಹೈದರಾಬಾದಿನಲ್ಲಿ ಇವರೊಬ್ಬರೇ ಇರಬೇಕು.

ಈಗ ತಮ್ಮ ಗುಣಗಾನ. ನೇಮಕಾತಿಯಲ್ಲಿ ಸಮಾನತೆ ಬೇಕೆಂದು ಭಾಷಣ ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ; ಅದನ್ನು ನಡೆಸಿ ತೋರಿಸಿದವರು ತಾವೊಬ್ಬರೇ. ತಮ್ಮ ಮುಂದೆ ಬಡವ-ಬಲ್ಲಿದ ಭೇದವಿಲ್ಲ, ತೆಲುಗಿನವ-ಕನ್ನಡದವ ಎಂಬ ತಾರತಮ್ಯವಿಲ್ಲ, ಮೊದಲ ರ್‍ಯಾಂಕಿನವನ ಬಯೋಡೇಟಾವನ್ನೂ ಮೂರು ಸಲ ಫೇಲಾದವನದನ್ನೂ ಒಂದೇ ಸದ್ದು ಮಾಡಿ ನುಂಗುತ್ತೀರಿ, ಕೊನೆಗೆ ಯಾರಿಗೂ ಕೆಲಸ ಕೊಡದೆ ಎಲ್ಲರನ್ನೂ ಸಮಾನರನ್ನಾಗಿ ಉಳಿಸುತ್ತೀರಿ. ವಶೀಲಿ ತಮ್ಮ ಬಳಿ ನಡೆಯುವುದಿಲ್ಲ. ಲಂಚ ತಮ್ಮ ಬಾಯಿಗೆ ಹಿಡಿಸುವುದಿಲ್ಲ. ಗುರುವಾರ ಗುರುವಾರ ಸಾಯಿಬಾಬಾ ಗುಡಿಯಿಂದ ನೇರ ಬಂದು ಅರ್ಜಿಯ ನಾಲ್ಕು ಮೂಲೆಗೂ ಅರಿಶಿಣ ಹಚ್ಚಿ ಹಾಕುವ ಹುಡುಗ-ಹುಡುಗಿಯರ ದೆಸೆಯಿಂದ ತಮ್ಮ ತುಟಿ ಮದುವಣಗಿತ್ತಿಯ ಕೆನ್ನೆಯಂತೆ ಹಳದಿಯಾಗಿದೆ. ಆದರೂ ತಾವು ಯಾರಿಗೂ ಒಲಿದಿಲ್ಲ. ಇಂಥ ವೈರಾಗ್ಯ ಮಠಗಳಲ್ಲೂ ದುರ್ಲಭ.

ಆದರೆ ನನ್ನ ವಿಷಯದಲ್ಲಿ ತಾವು ಸ್ವಲ್ಪ ವಿವೇಚನೆ ತೋರಬೇಕಿತ್ತು. ನನ್ನದು ಸಾಮಾನ್ಯ ಬಯೋಡೇಟಾ ಅಲ್ಲ. ಅಮೀರ್‌ಪೇಟೆಯಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟಿರುವ ಸಾಯಿಕುಮಾರರು, ಅರ್ಧ ಹೈದರಾಬಾದಿನ ನಿರುದ್ಯೋಗವನ್ನು ಟೈಪು ಮಾಡಿದ ಕೈ ಅದು, ಅಂಗಡಿಯ ಸ್ಪೆಷಲ್ ದರ್ಜೆಯಲ್ಲಿ ಎರಡು ಗೆರೆಯ ಅಂಚು ಕೊಟ್ಟು ತಯಾರಿಸಿದ್ದು. ಯಾವ ಶಿಫಾರಸೂ ಇಲ್ಲದೆ, ಮಾವನ ಹೆಸರಾಗಲಿ ಮಠದ ಹೆಸರಾಗಲಿ ಹೇಳದೆ, ಬರೀ ಯೋಗ್ಯತೆಯ ಬಲದ ಮೇಲೆ ನಿಂತ ಕಾಗದ. ಪಕ್ಷಪಾತವಿಲ್ಲದ ಒಬ್ಬನೇ ಒಬ್ಬ ಮನುಷ್ಯ ಅದನ್ನು ಅರ್ಧ ನಿಮಿಷ ಓದಿದರೆ ಸಾಕು, ಎದ್ದು ಬಂದು ನನ್ನ ಕೈ ಹಿಡಿದು ಒಳಗೆ ಕರೆದೊಯ್ಯುತ್ತಾನೆ ಎಂದು ನಾನು ಮನೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಪಂಕ್ತಿಗಳಲ್ಲಿ ಸಾರುತ್ತ ಬಂದಿದ್ದೇನೆ. ಅಂಥ ಮನುಷ್ಯ ಎಲ್ಲಿ, ನನ್ನ ಅರ್ಜಿ ಎಲ್ಲಿ ಎಂದು ನೋಡುವುದಕ್ಕೇ ಮಂಗಳವಾರ ಕೈ ಹಾಕಿದ್ದು.

ಡಾಲ್ಡಾ ಸಮೇತ ಹೊರಬಂದ ನನ್ನ ಮುಷ್ಟಿಯಲ್ಲಿ ಒಂದು ಹಾಳೆಯಿತ್ತು. ಅದು ಯಾರ ಬಯೋಡೇಟಾವೂ ಆಗಿರಲಿಲ್ಲ. ಅದರಲ್ಲಿ ಹೀಗಿತ್ತು: "ಮೇಡಂ ಇಪ್ಪತ್ತು ನಿಮಿಷ ಲೇಟ್. ಸಾಹೇಬ್ರು ಮನಿ ಬದಲ್ ಮಾಡ್ಯಾರ, ಹೇಳಿಲ್ಲ. ಎಡಗಡಿ ಬಾಗ್ಲಾ ಮುಚ್ಚವಲ್ದು." ಮೇಲುಗಡೆ ಅಚ್ಚಾಗಿದ್ದದ್ದು: ದ್ಯಾವಪ್ಪ ಟ್ರಾವೆಲ್ಸ್, ಗಚ್ಚಿಬೌಲಿ, ಚಾಲಕರು ತಮ್ಮ ದಿನದ ಟ್ರಿಪ್ ಹಾಳೆಯನ್ನು ಎರಡನೇ ಗೇಟಿನ ಪೆಟ್ಟಿಗೆಯಲ್ಲೇ ಹಾಕತಕ್ಕದ್ದು.

ಮಾನ್ಯರೇ, ಆಗ ನನಗಾದ ಆಘಾತವನ್ನು ತಾವು ಬಲ್ಲಿರಿ, ಪಕ್ಕದಲ್ಲೇ ಇದ್ದಿರಿ. ತಾವು ಝಂಝಾಸಾಫ್ಟ್ ಕಂಪನಿಯವರೇ ಅಲ್ಲ! ಕಂಪನಿಯ ಎಂಜಿನಿಯರರನ್ನು ಮನೆಯಿಂದ ಹೊತ್ತು ತರುವ ಕ್ಯಾಬುಗಾಡಿಯವರ ಪೆಟ್ಟಿಗೆ! ಹಾಗಾದರೆ ಹದಿನಾಲ್ಕು ತಿಂಗಳಿಂದ ನಾವೆಲ್ಲ ಇಲ್ಲಿ ಸಾಲು ನಿಂತಿದ್ದು ಏಕೆ ಎಂದು ಮಾಣಿಕಪ್ಪನವರನ್ನು ಕೇಳಿದೆ. "ನಾ ಏನ್ ಮಾಡ್ಲಿರಿ? ಎಲ್ಲಿ ಹಾಕ್ಬೇಕು, ಎಲ್ಲಿ ಹಾಕ್ಬೇಕು ಅಂತ ದಿನಾ ನೂರು ಮಂದಿ ನನ್ನ ಜೀವಾ ತಿಂತಿದ್ರು. ಬಾಯಿದ್ದದ್ದು ಅದೊಂದ ಇತ್ತು, ತೋರ್ಸಿದೆ. ಒಬ್ಬ ಹಾಕಿದ. ಅವನ್ನ ನೋಡಿ ಇನ್ನೊಬ್ಬ. ಮುಂದ ನೀವ ಸಾಲು ಮಾಡ್ಕೊಂಡ್ರಿ, ನೀವ ನಂಬರ್ ಬರ್ಕೊಂಡ್ರಿ, ನೀವ ಅರಿಶಿಣ ಹಚ್ಚಿದ್ರಿ. ನಡುವ ನಂದೇನೈತಿ?" ಎಂದರು. ಮಾತು ಸರಿಯೇ. ಉದ್ಯೋಗಾರ್ಥಿಗಳಾದ ನಮ್ಮಲ್ಲಿ ಒಂದು ಪದ್ಧತಿಯಿದೆ: ಸಾಲು ಕಂಡರೆ ಮೊದಲು ನಿಲ್ಲುವುದು, ಆಮೇಲೆ ಯಾವುದರ ಸಾಲು ಎಂದು ಕೇಳುವುದು. ಹೀಗೆ ನಿಂತೇ ನಾನು ಒಮ್ಮೆ ಪೋಲಿಯೋ ಹನಿ ಹಾಕಿಸಿಕೊಳ್ಳುವುದರಲ್ಲಿದ್ದೆ.

ನಿಂತ ಕಾಲ ಮೇಲೆ, ಅದೇ ಸಿಟ್ಟಿನಲ್ಲಿ, ಗಚ್ಚಿಬೌಲಿಗೆ ಹೋಗಿ ದ್ಯಾವಪ್ಪನವರ ಶೆಡ್ಡನ್ನು ಹುಡುಕಿದೆ. ನನ್ನ ಮೂವತ್ತೊಂದು ಅರ್ಜಿಗಳ ಲೆಕ್ಕ ಕೇಳಿ, ಉಗಿದು, ಉಪ್ಪು ಹಾಕಿ ಬರುವುದು ನನ್ನ ಉದ್ದೇಶವಾಗಿತ್ತು. ಆದರೆ ಶೆಡ್ಡಿನ ಮುಂದೆ ಎಂಟು ಮಂದಿ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಮೇಲೆ ಹೇಳಿದ ಪದ್ಧತಿಯಂತೆ ನಾನು ಒಂಬತ್ತನೆಯವನಾಗಿ ಕೂತೆ. ಎಂಟನೆಯವಳಾಗಿ ಕೂತಿದ್ದ ದಾನೇಶ್ವರಿ ಎಂಬ ಹುಡುಗಿ, ಯಾದಗಿರಿ ಕಡೆಯಿಂದ ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಮನೆಯವಳು, ಬಿ.ಕಾಂ. ಮುಗಿಸಿದವಳು, "ನಿಮಗೂ ಫೋನ್ ಬಂದಿತ್ತೇನ್ರಿ?" ಎಂದಳು. ಬಂದಿಲ್ಲ, ನಾನು ಜಗಳ ಮಾಡಲು ಬಂದವನು ಎಂದೆ. "ಹಂಗಾದ್ರ ನನ್ನ ಪಾಳಿ ಆದಮ್ಯಾಲೆ ಮಾಡ್ರಿ. ಮೊದಲ ಮಾಡಿದ್ರ ಅವರಿಗೆ ಸಿಟ್ಟ ಬಂದು ನಮಗ್ಯಾರಿಗೂ ಕೆಲಸ ಕೊಡಂಗಿಲ್ಲ" ಎಂದು ಕೈ ಮುಗಿದಳು. ಕೆಲಸ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಜಗಳ ಎಲ್ಲೋ ಇಳಿದುಹೋಯಿತು, ಬೆನ್ನು ತಾನಾಗಿಯೇ ನೆಟ್ಟಗಾಯಿತು, ಡಾಲ್ಡಾ ಹತ್ತಿದ ಕೈಯಿಂದಲೇ ಕ್ರಾಪು ತೀಡಿಕೊಂಡೆ.

ವಿಷಯ ಇಷ್ಟು. ಯಾವ ಕ್ಯಾಬು ಯಾವ ಎಂಜಿನಿಯರನ್ನು ಎಷ್ಟು ಹೊತ್ತಿಗೆ ಎಲ್ಲಿಂದ ಎತ್ತಬೇಕು ಎಂದು ಹೊಂದಿಸಿ ಕೊಡುವವರೊಬ್ಬರು ದ್ಯಾವಪ್ಪನವರಿಗೆ ಬೇಕಾಗಿದ್ದರು. ಮಾದಾಪುರದ ಗೇಟಿನಲ್ಲೇ ಕುರ್ಚಿ, ಮೇಜು, ಗುರುತಿನ ಬಿಲ್ಲೆ. ಕುರ್ಚಿ ಮಾದಾಪುರದಲ್ಲಿ ಎಂದಮೇಲೆ ನಮ್ಮ ತಂದೆಯ ಷರತ್ತು ತೀರಿದಂತೆಯೇ! ಅರ್ಜಿಗಳಿಗಾಗಿ ಅವರು ಎಲ್ಲೂ ಜಾಹೀರಾತು ಕೊಡಬೇಕಾಗಿರಲಿಲ್ಲ. ತಾವು ನುಂಗಿದ್ದೆಲ್ಲ ಶೆಡ್ಡಿನ ಮೂಲೆಯಲ್ಲಿ ಸೊಂಟದೆತ್ತರ ಪೇರಿಸಿತ್ತು.

ಸಂದರ್ಶನ ನಡೆಸಿದವರು ದ್ಯಾವಪ್ಪನವರಲ್ಲ, ಅವರ ಮನೆಯವರಾದ ಗದಿಗೆಮ್ಮನವರು. ದ್ಯಾವಪ್ಪನವರಿಗೆ ಊರ ಕಡೆಯ ಹೆಸರು ಕಂಡರೆ ಕರುಳು ಕರಗುವುದಂತೆ. ಹಿಂದೆ ಮೂರು ಸಲ ಹೀಗೆ ಕರಗಿ ಮೂವರು ಬೀಗರನ್ನು ಇಟ್ಟುಕೊಂಡು ಮೂರು ಗಾಡಿ ಗುಜರಿಗೆ ಹೋದವಂತೆ. ಆದ್ದರಿಂದ ಗದಿಗೆಮ್ಮನವರು ಪ್ರತಿ ಬಯೋಡೇಟಾದ ಮೇಲಿನ ಭಾಗವನ್ನು, ಅಂದರೆ ಹೆಸರು, ತಂದೆಯ ಹೆಸರು, ಊರು ಇರುವಷ್ಟನ್ನು, ಹಿಂದಕ್ಕೆ ಮಡಚಿ ಪಿನ್ನು ಹೊಡೆದಿದ್ದರು. ಅಂಕಗಳಿರುವ ಕೆಳಭಾಗವನ್ನೂ ಮಡಚಿದ್ದರು. ಏಕೆಂದರೆ "ಟ್ರಾಫಿಕ್ಕು ಯಾರಿಗೂ ಪರ್ಸೆಂಟೇಜ್ ಕೇಳಂಗಿಲ್ಲ." ಉಳಿದದ್ದು ನಡುವಿನ ಹೊಟ್ಟೆಯಷ್ಟೇ: ಧ್ಯೇಯ, ಸಾಮರ್ಥ್ಯ, ದೌರ್ಬಲ್ಯ, ಹವ್ಯಾಸ. ದೊಡ್ಡ ದೊಡ್ಡ ಕಂಪನಿಗಳು ಸೂಟು ಹಾಕಿಕೊಂಡು ಹುಡುಕುತ್ತಿರುವ ನ್ಯಾಯವನ್ನು ಈ ತಾಯಿ ಒಂದು ಡಬ್ಬಿ ಗುಂಡುಪಿನ್ನಿನಲ್ಲಿ ಸಾಧಿಸಿದ್ದರು.

ನನ್ನ ಹೆಸರು ಕೇಳಿ, "ಶಾಂತಕುಮಾರ... ಹಾಂ, ನಿಮ್ಮವು ಭಾಳ ಅದಾವ್ರಿ. ನಾವು ನಾಚಾರಂನಾಗ ಮೂವತ್ತೊಂದು ಮಂದಿ ಶಾಂತಕುಮಾರ ಅದಾರ, ಇದ್ಯಾವ್ದೋ ಸಂಘ ಇರಬೇಕು ಅನ್ಕೊಂಡಿದ್ವಿ" ಎಂದರು. ಆಮೇಲೆ ಪರೀಕ್ಷೆ ತಿಳಿಸಿದರು. "ತಮ್ಮನ್ನ ತಾವು ಹೊಗಳ್ಕೊಳ್ಳೂದು ಎಲ್ಲಾರಿಗೂ ಬರತೈತಿ. ಈ ಕೆಲಸಕ್ಕ ಬೇಕಾದ್ದು ಬ್ಯಾರೆಯವರನ್ನ ನೋಡಿ, ಯಾರು ಖರೇ ಅದಾರ, ಯಾರು ಸುಳ್ಳು ಹೇಳಾಕತ್ಯಾರ ಅಂತ ಗುರ್ತ ಹಿಡಿಯೂದು. ಡ್ರೈವರಗ ಕೆಳಗ ಬಂದೀನಿ ಅಂತ ಹೇಳಿ ಮ್ಯಾಲೆ ಮಕ್ಕೊಂಡಿರ್ತಾರ್ರಿ ಮಂದಿ! ಹತ್ತು ಹಾಳಿ ಕೊಡ್ತೀನಿ. ಓದ್ರಿ, ಕೆಲಸಕ್ಕ ಆಗೋದು ಒಂದು ಆರಿಸ್ರಿ, ಉಳಿದದ್ದು ಯಾಕ ಬ್ಯಾಡ ಹೇಳ್ರಿ."

ಮಾನ್ಯರೇ, ಆ ಅರ್ಧ ತಾಸು ನನ್ನ ಜೀವನದ ಸುವರ್ಣ ಕಾಲ. ಹದಿನಾಲ್ಕು ತಿಂಗಳು ತೀರ್ಪಿಗೆ ಕಾದವನ ಕೈಗೆ ತೀರ್ಪಿನ ಕೋಲು ಬಂದಿತ್ತು. ಒಂದನ್ನೂ ಬಿಡಲಿಲ್ಲ. ಮೊದಲಿನ ಆರನ್ನು ಸೌಜನ್ಯದಿಂದಲೇ ಬದಿಗಿಟ್ಟೆ. ಏಳನೆಯದಕ್ಕೆ ಬಂದಾಗ ನನ್ನ ನ್ಯಾಯಪ್ರಜ್ಞೆ ಕೆರಳಿತು. ಆ ಮನುಷ್ಯನ ಧ್ಯೇಯ: "ಸವಾಲುಗಳ ನಡುವೆ ಬೆಳೆದು ಸಂಸ್ಥೆಯನ್ನೂ ಬೆಳೆಸುವುದು." ಸಾಮರ್ಥ್ಯ: "ಎಂಥ ಒತ್ತಡದಲ್ಲೂ ಕೆಲಸ ಮಾಡಬಲ್ಲೆ." ದೌರ್ಬಲ್ಯ: "ಅತಿಯಾದ ಪ್ರಾಮಾಣಿಕತೆ." ಹವ್ಯಾಸ: "ಕುದುರೆ ಸವಾರಿ, ಈಜು, ಸಮಾಜಸೇವೆ." ಕೊನೆಗೆ, "ಜರ್ಮನ್ ಭಾಷೆಯ ಪರಿಚಯವಿದೆ." ನಾನು ಎದ್ದೇ ನಿಂತೆ. ಹೈದರಾಬಾದಿನಲ್ಲಿ ಮದುವೆಯ ದಿನ ಬಿಟ್ಟು ಯಾವ ಗಂಡಸು ಕುದುರೆ ಹತ್ತುತ್ತಾನೆ? ಹುಸೇನ್ ಸಾಗರದ ನೀರು ಕಂಡವನು ಯಾರಾದರೂ ಈಜು ಹವ್ಯಾಸ ಎಂದಾನೇ? ಜರ್ಮನ್ ಇವನಿಗೆ ಪರಿಚಯವಿರಬಹುದು, ಜರ್ಮನ್ನಿಗೆ ಇವನ ಪರಿಚಯ ಖಂಡಿತ ಇರಲಿಕ್ಕಿಲ್ಲ. ಇದನ್ನು ಬರೆದವನು ಒಂದೋ ಶುದ್ಧ ಸುಳ್ಳುಗಾರ, ಇಲ್ಲವೇ ತಾನೇನು ಬರೆದಿದ್ದೇನೆಂದು ಕೂಡ ನೋಡದ ಶುದ್ಧ ಸೋಮಾರಿ. ಇಂಥವನನ್ನು ಗೇಟಿನಲ್ಲಿ ಕೂರಿಸಿದರೆ ಗೇಟಿಗೇ ಅವಮಾನ. ಇವನಿಗೆ ಬೋಲ್ಟಿಗೆ ನಟ್ಟು ಹಾಕುವ ಕೆಲಸವೇ ಸರಿ, ಅದನ್ನೂ ಯಾರಾದರೂ ಎದುರಿಗೆ ಕೂತು ನೋಡಿಕೊಳ್ಳಬೇಕು ಎಂದು ಹಾಳೆಯ ಅಂಚಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದೆ. ಗದಿಗೆಮ್ಮನವರು ಅದನ್ನೋದಿ ಸೆರಗು ಬಾಯಿಗೆ ಒತ್ತಿಕೊಂಡರು. ನನ್ನ ಶೈಲಿಗೆ ಮೆಚ್ಚಿ ಎಂದುಕೊಂಡೆ.

ಒಂಬತ್ತನೆಯದು ಕೈಬರಹದಲ್ಲಿತ್ತು. ಧ್ಯೇಯ ಎಂಬಲ್ಲಿ "ಕೆಲಸ" ಎಂದಷ್ಟೇ ಇತ್ತು. ಹವ್ಯಾಸ: "ಇಲ್ಲ. ದಿನಕ್ಕೆ ನಾಲ್ಕು ತಾಸು ಬಸ್ಸಿನಲ್ಲಿ ಹೋಗುತ್ತದೆ. ಯಾವ ರಸ್ತೆ ಎಷ್ಟು ಹೊತ್ತಿಗೆ ಕಟ್ಟಿಕೊಳ್ಳುತ್ತದೆ ಎಂದು ಗೊತ್ತು." ದೌರ್ಬಲ್ಯ: "ಇಂಗ್ಲಿಷಿನಲ್ಲಿ ಬೈಯಲು ಬರುವುದಿಲ್ಲ." ನಾನು ಹಿಂದೆಮುಂದೆ ನೋಡದೆ ಇದನ್ನೇ ಆರಿಸಿದೆ. ಪಕ್ಷಪಾತವಿಲ್ಲದ ಮನುಷ್ಯ ಹೇಗಿರುತ್ತಾನೆಂದು ಲೋಕ ನೋಡಲಿ ಎಂದು ತುಸು ಗಟ್ಟಿಯಾಗಿಯೇ ಆರಿಸಿದೆ.

ದ್ಯಾವಪ್ಪನವರು ಪಿನ್ನು ತೆಗೆದು ಮಡಿಕೆ ಬಿಚ್ಚಿದರು. ದಾನೇಶ್ವರಿ! ಕೆಲಸ ಅವಳಿಗೇ ಎಂದು ಅಲ್ಲೇ ಘೋಷಿಸಿದರು.

ಇಲ್ಲಿಂದ ನನ್ನ ದೂರು ಶುರು. ಅವಳೂ ಇದೇ ಪರೀಕ್ಷೆ ಬರೆದಿದ್ದಳು. ಬೆಂಚಿನಿಂದ ನಾನು ಕಣ್ಣಾರೆ ಕಂಡಂತೆ, ಕೊಟ್ಟ ಹತ್ತರಲ್ಲಿ ಒಂಬತ್ತಕ್ಕಷ್ಟೇ ತೀರ್ಪು ಕೊಟ್ಟು, ಒಂದನ್ನು ಒಂದು ಮಾತೂ ಬರೆಯದೆ ಹಿಂತಿರುಗಿಸಿದ್ದಳು. ನಾನು ಹತ್ತಕ್ಕೆ ಹತ್ತು! ಶೇಕಡಾ ತೊಂಬತ್ತು ಮಾಡಿದವಳಿಗೆ ಕುರ್ಚಿ, ಶೇಕಡಾ ನೂರು ಮಾಡಿದವನಿಗೆ ನಮಸ್ಕಾರ, ಇದು ಯಾವ ಸೀಮೆಯ ನ್ಯಾಯ ಎಂದು ಕೇಳಿದೆ. ದ್ಯಾವಪ್ಪನವರು ಬಹಳ ವಿನಯದಿಂದ, "ಆಕಿ ಬಗ್ಗೆ ನಿಮ್ಮ ಮಾತು ಕೇಳೀವಿ. ನಿಮ್ಮ ಬಗ್ಗೆನೂ ನಿಮ್ಮ ಮಾತೇ ಕೇಳೀವ್ರಿ. ನೀವ ಆರಿಸಿ ನೀವ ಬ್ಯಾಡ ಅಂದ್ರ ಹೆಂಗ?" ಎಂದರು. ದಾನೇಶ್ವರಿ ಮಾತ್ರ ಕಣ್ಣು ಒರೆಸಿಕೊಳ್ಳುತ್ತ, "ನೀವು ಜಗಳಾ ಮಾಡ್ತೀನಿ ಅಂದಿದ್ರಲ್ಲ, ಈಗ ಮಾಡ್ರಿ, ನನ್ನ ಪಾಳಿ ಮುಗೀತು" ಎಂದು ನಕ್ಕಳು. ಅಳುವವಳ, ಅದರಲ್ಲೂ ನಗುತ್ತ ಅಳುವವಳ ಎದುರಿಗೆ ಜಗಳ ತೆಗೆಯುವುದನ್ನು ನಮಗೆ ಕಾಲೇಜಿನಲ್ಲಿ ಕಲಿಸಿಲ್ಲ. ಅಭಿನಂದನೆ ಹೇಳಿ ಬಂದೆ. ದಸರೆಯ ಮಾರನೇ ದಿನದಿಂದ ನನ್ನ ಕಚೇರಿ ಪ್ಯಾಕಿಂಗ್ ವಿಭಾಗ, ಮುಂದಿನ ವರ್ಷದ ಆಯುಧಪೂಜೆಯೂ ಅಲ್ಲಿಯೇ.

ಆದ ಕಾರಣ, ಇಷ್ಟಕ್ಕೆಲ್ಲ ಕಾರಣರಾದ ತಮ್ಮಲ್ಲಿ ಕೆಲವು ಕೋರಿಕೆಗಳು. ತಾವು ದಯವಿಟ್ಟು ಒಂದು ನಾಲಿಗೆ ಇರಿಸಿಕೊಳ್ಳಬೇಕು. ಅರ್ಜಿ ರುಚಿಸಿದರೆ ಚಪ್ಪರಿಸಬೇಕು, ರುಚಿಸದಿದ್ದರೆ ಅಲ್ಲೇ ಉಗುಳಬೇಕು. ಅಷ್ಟಾಗದಿದ್ದರೆ ಕನಿಷ್ಠ ಒಂದು "ಉಹೂಂ" ಆದರೂ ಅನ್ನಬೇಕು. ಬೇಡ ಎನ್ನಿಸಿಕೊಳ್ಳುವುದಕ್ಕಿಂತ ಏನೂ ಅನ್ನಿಸಿಕೊಳ್ಳದಿರುವುದು ಭಾಳ ಭಾರ. ತಮ್ಮ ಬಾಯಿಯ ಅಗಲವನ್ನು ಒಂದು ಮೊಣಕೈಯಷ್ಟು ಹೆಚ್ಚಿಸಿಕೊಳ್ಳಬೇಕು, ಅಥವಾ ಪಕ್ಕದಲ್ಲೊಂದು ಡಾಲ್ಡಾ ಡಬ್ಬಿಯನ್ನು ಖಾಯಮ್ಮಾಗಿ ಇರಿಸಿಕೊಳ್ಳಬೇಕು. ತಾವು ಯಾರ ಪೆಟ್ಟಿಗೆ ಎಂದು ಹಣೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿಕೊಳ್ಳಬೇಕು. ಬರೆಸಿಕೊಂಡರೂ ನಾವು ಓದದೆ ಸಾಲು ನಿಲ್ಲುತ್ತೇವೆಂಬುದು ಬೇರೆ ಮಾತು. ಕೊನೆಯದಾಗಿ, ಒಳಗೆ ಹವಾನಿಯಂತ್ರಣದಲ್ಲಿ ಕೂತು ಅಭ್ಯರ್ಥಿಗಳನ್ನು ಆರಿಸುವ ಮಹನೀಯರಿಗೆ ಮೂರು ತಿಂಗಳು ರಜೆ ಕೊಡಿಸಿ, ಅವರ ಕುರ್ಚಿಯಲ್ಲಿ ತಾವು ಕೂರಬೇಕು. ವ್ಯತ್ಯಾಸ ಯಾರಿಗಾದರೂ ತಿಳಿದರೆ ನನ್ನ ಡಿಗ್ರಿಯನ್ನು ಮಡಚಿ ತಮ್ಮ ಬಾಯಿಗೇ ಹಾಕುತ್ತೇನೆ.

ಬಾಯಿದ್ದೂ ಮಾತಾಡದ ತಮ್ಮ ಮುಂದೆ ಇಷ್ಟು ಮಾತಾಡಿದ, ಮೊಣಕೈ ತರಚಿದ,

ತಮ್ಮ ವಿಶ್ವಾಸಿ,
ಶಾಂತಕುಮಾರ

ತಾ.ಕ.: ಮೇಲಿನ ದೂರಿನಲ್ಲಿ ಒಂದು ಸಣ್ಣ ತಿದ್ದುಪಡಿ. ಶೆಡ್ಡಿನಿಂದ ಹೊರಡುವಾಗ ಗದಿಗೆಮ್ಮನವರು ನಾನು ಷರಾ ಬರೆದ ಆ ಏಳನೇ ಹಾಳೆಯನ್ನು "ಇದು ನಿಮ್ಮ ಹಂತ್ಯಾಕ ಇರ್ಲಿ" ಎಂದು ಕೈಯಲ್ಲಿಟ್ಟರು. ಬಸ್ಸಿನಲ್ಲಿ ಕೂತು ಪಿನ್ನು ತೆಗೆದರೆ ಮಡಿಕೆಯಲ್ಲಿ ನನ್ನದೇ ಹೆಸರು! ಆಮೇಲೆ ವಿಚಾರಿಸಿದರೆ, ಗದಿಗೆಮ್ಮನವರು ಪ್ರತಿಯೊಬ್ಬರ ಕಟ್ಟಿನಲ್ಲೂ ಅವರವರದೇ ಬಯೋಡೇಟಾ ಒಂದನ್ನು ಸೇರಿಸಿದ್ದರಂತೆ. ದಾನೇಶ್ವರಿ ತನ್ನದನ್ನು ಕಂಡೊಡನೆ, ಇದು ನಂದು, ಇದರ ಬಗ್ಗೆ ನಾ ಹೇಳಬಾರ್ದು ಎಂದು ಹಿಂತಿರುಗಿಸಿದ್ದಳಂತೆ. ತಾವಾದರೋ ಮೂವತ್ತೊಂದು ಸಲ ನುಂಗಿಯೂ ನನ್ನನ್ನು ಸುಳ್ಳುಗಾರ ಎನ್ನಲಿಲ್ಲ, ಸೋಮಾರಿ ಎನ್ನಲಿಲ್ಲ. ಕುದುರೆ, ಈಜು, ಜರ್ಮನ್ ಎಲ್ಲವೂ ಸಾಯಿಕುಮಾರರ ಸ್ಪೆಷಲ್ ದರ್ಜೆಯಲ್ಲಿ ಸೇರಿಯೇ ಬರುತ್ತವಂತೆ. ಟೈಪಾಗಿ ಬಂದ ದಿನ ನಾನು ನೋಡಿದ್ದು ನನ್ನ ಹೆಸರು ಮತ್ತು ಅಂಕ ಮಾತ್ರ. ಕೊನೆಗೂ ಪಕ್ಷಪಾತವಿಲ್ಲದ ಒಬ್ಬ ಮನುಷ್ಯ ನನ್ನ ಅರ್ಜಿಯನ್ನು ಪೂರ್ತಿ ಓದಿದ. ಅವನು ನಾನೇ, ಮತ್ತು ನಾನು ಅದನ್ನು ಓದಿದ್ದು ಅದೇ ಮೊದಲು.